60,000 ಕಿ.ಮೀ. ಸರ್ವಿಸ್‌ಗೆ 23,400 ರೂಪಾಯಿ ಎಸ್ಟಿಮೇಟ್: ಷೋರೂಮಾ, ಹೊರಗಿನ ಗ್ಯಾರೇಜಾ?

ಕೆಎ17_ಪೆಟ್ರೋಲ್ (ದಾವಣಗೆರೆ):

ಗಾಡಿ 2020ರ ಬಿಎಸ್6, 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. 58,700 ಕಿ.ಮೀ. ಓಡಿದೆ. ಎಕ್ಸ್‌ಟೆಂಡೆಡ್ ವಾರಂಟಿನೂ ಮುಗಿದಿದೆ. ವಾರಕ್ಕೆರಡು ಸಲ ಚಿತ್ರದುರ್ಗಕ್ಕೆ ಹೋಗಿ ಬರೋದು, ಉಳಿದಂತೆ ಊರೊಳಗೇ ಓಡಾಟ.

ತೊಂದರೆ ಎರಡು. ಹಂಪ್ ನಿಧಾನಕ್ಕೆ ದಾಟಿದಾಗ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತೆ. ಎಸಿ ಹೈವೇಲಿ ತಣ್ಣಗಿರುತ್ತೆ, ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ.

ಷೋರೂಮಿನವರು ಟ್ಯಾಕ್ಸ್ ಸೇರಿಸಿ ಕೊಟ್ಟ ಎಸ್ಟಿಮೇಟ್:

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ವಾಷರ್ – 2,150
ಏರ್ ಫಿಲ್ಟರ್, ಎಸಿ ಫಿಲ್ಟರ್ – 950
ಸ್ಪಾರ್ಕ್ ಪ್ಲಗ್ 4 – 900
ಬ್ರೇಕ್ ಆಯಿಲ್ – 650
ಕೂಲಂಟ್ – 1,300
ಲೋವರ್ ಆರ್ಮ್ ಅಸೆಂಬ್ಲಿ, ಎರಡೂ ಕಡೆ – 5,200
ಲಿಂಕ್ ರಾಡ್, ಎರಡೂ ಕಡೆ – 1,700
ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ – 1,100
ಎಂಜಿನ್ ಡಿಕಾರ್ಬನೈಸಿಂಗ್ – 1,900
ಥ್ರಾಟಲ್ ಬಾಡಿ ಕ್ಲೀನಿಂಗ್ – 850
ಪೆಟ್ರೋಲ್ ಅಡಿಟಿವ್ – 450
ಎಸಿ ಡಿಸಿನ್ಫೆಕ್ಟಂಟ್, ಫೋಮ್ – 1,350
ಎಸಿ ಗ್ಯಾಸ್ ಟಾಪ್‌ಅಪ್ – 1,500
ಲೇಬರ್ – 3,400
ಒಟ್ಟು – 23,400

ಹೊರಗಿನ ಗ್ಯಾರೇಜಿನವರು ಇದೇ ಪಟ್ಟಿ ನೋಡಿ “ಹದಿಮೂರು ಸಾವಿರದೊಳಗೆ ಮುಗಿಸಿಕೊಡ್ತೀನಿ” ಅಂತ ಬಾಯಲ್ಲಿ ಹೇಳಿದ್ದಾರೆ, ಬರೆದು ಕೊಟ್ಟಿಲ್ಲ. ಹತ್ತು ಸಾವಿರದ ವ್ಯತ್ಯಾಸ ಎಲ್ಲಿಂದ ಬರುತ್ತೆ? ಯಾವುದನ್ನ ಎಲ್ಲಿ ಮಾಡಿಸಬೇಕು?

---

ದುರ್ಗದ_ಪಾನಾ:

ಷೋರೂಮಾ ಹೊರಗಾ ಅನ್ನೋದು ಆಮೇಲೆ. ಮೊದಲು ಆ ಪಟ್ಟಿ ಮೇಲೆ ಪೆನ್ನು ಆಡಿಸ್ರಿ. ಬೇಡದ ಕೆಲಸ ಅಗ್ಗಕ್ಕೆ ಮಾಡಿಸಿದ್ರೂ ದಂಡವೇ.

ಡಿಕಾರ್ಬನೈಸಿಂಗ್ (ಎಂಜಿನ್ನಿನ ಒಳಗಿನ ಮಸಿ ತೆಗೆಯೋದು) ಹೊಡೆದು ಹಾಕ್ರಿ. ನಿಮ್ಮಂಥ ಗಾಡಿಗಳಲ್ಲಿ ಇಂಜೆಕ್ಟರ್ ಇರೋದು ಇನ್‌ಟೇಕ್ ಪೋರ್ಟಿನಲ್ಲಿ, ಪೆಟ್ರೋಲ್ ವಾಲ್ವಿನ ಬೆನ್ನ ಮೇಲೇ ಬಿದ್ದು ಅದನ್ನ ತೊಳೀತಾ ಇರುತ್ತೆ. ಮಸಿ ಕಟ್ಟೋ ಕಾಟ ಹೆಚ್ಚು ಇರೋದು ನೇರ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ. ಪಿಕಪ್ ಕಮ್ಮಿ, ಐಡಲಿಂಗ್‌ನಲ್ಲಿ ನಡುಕ ಅಂತ ನೀವೇನೂ ಬರೆದಿಲ್ಲ. ರೋಗ ಇಲ್ಲದೆ ಔಷಧಿ ಯಾಕೆ? ಅಡಿಟಿವ್ ಬಾಟ್ಲಿಗೂ ಇದೇ ಮಾತು.

ಥ್ರಾಟಲ್ ಬಾಡಿ ಅಂದ್ರೆ ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲು, ಗಾಡಿ ನಿಂತಾಗಿನ ಐಡಲ್ ಆರ್‌ಪಿಎಂ ಏರಿಳಿದರೆ ಮಾತ್ರ ಬಿಚ್ಚಬೇಕು. ಈಗಿನವೆಲ್ಲ ಎಲೆಕ್ಟ್ರಾನಿಕ್ ಥ್ರಾಟಲ್. ಅದರ ತಟ್ಟೆಯನ್ನ ಕೈಯಿಂದ ಬಲವಾಗಿ ತಳ್ಳಿ ಒರೆಸಿದರೆ ಒಳಗಿನ ಪ್ಲಾಸ್ಟಿಕ್ ಗೇರಿಗೆ ಪೆಟ್ಟು. ಕ್ಲೀನ್ ಆದ ಮೇಲೆ ಐಡಲ್ ರೀಲರ್ನ್ (ಗಾಡಿಯ ಕಂಪ್ಯೂಟರಿಗೆ ಐಡಲ್ ಮತ್ತೆ ಕಲಿಸೋದು) ಮಾಡದೆ ಕೊಟ್ಟರೆ ಆರ್‌ಪಿಎಂ ಏರಿಕೊಂಡೇ ನಿಲ್ಲುತ್ತೆ, ಇಲ್ಲದ ಕಾಯಿಲೆ ಶುರುವಾಗುತ್ತೆ.

ಎಸಿಗೆ ಗ್ಯಾಸ್ ಟಾಪ್‌ಅಪ್ ಬೇಡವೇ ಬೇಡ. ಓಡುವಾಗ ತಣ್ಣಗೆ, ನಿಂತಾಗ ಬಿಸಿ ಅಂದ್ರೆ ಮೊದಲ ಅನುಮಾನ ಗಾಳಿಯ ಮೇಲೆ. ಹೈವೇಲಿ ಎದುರು ಗಾಳಿ ಕಂಡೆನ್ಸರಿನ (ಎಸಿ ಗ್ಯಾಸಿನ ಬಿಸಿ ಹೊರಹಾಕೋ ಭಾಗ, ರೇಡಿಯೇಟರಿನ ಮುಂದಿರುತ್ತೆ) ಒಳಗೆ ನುಗ್ಗುತ್ತೆ, ನಿಂತಾಗ ಆ ಕೆಲಸ ಫ್ಯಾನಿನದು. ಎಸಿ ಹಾಕಿ ಬಾನೆಟ್ ಎತ್ತಿ ನೋಡ್ರಿ, ಫ್ಯಾನು ಜೋರಾಗಿ ತಿರುಗ್ತಾ ಇದೆಯಾ? ಆಮೇಲೆ ಬಂಪರಿನ ಜಾಲರಿಯಿಂದ ಟಾರ್ಚ್ ಬಿಟ್ಟು ಕಂಡೆನ್ಸರ್ ನೋಡ್ರಿ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗೀಲಿ ರಸ್ತೆ ಪಕ್ಕ ರಾಶಿ ಹಾಕಿ ತೂರೋದು ಗೊತ್ತಲ್ಲ. ಆ ಹೊಟ್ಟು ಕಂಡೆನ್ಸರಿಗೂ ರೇಡಿಯೇಟರಿಗೂ ಮಧ್ಯೆ ಕಂಬಳಿ ಥರ ಕೂತಿರುತ್ತೆ, ಮುಂದಿನಿಂದ ನೋಡಿದ್ರೆ ಅರ್ಧ ಕಾಣಲ್ಲ. ಸಾದಾ ಪೈಪಿನ ನೀರು, ಆದಷ್ಟು ಹಿಂದಿನಿಂದ ಮುಂದಕ್ಕೆ. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಹತ್ತಿರ ಹಿಡಿದ್ರೆ ಅಲ್ಯುಮಿನಿಯಂ ಫಿನ್ನು ಮಡಿಚಿಕೊಂಡು ಗಾಳಿ ಹೋಗೋ ದಾರಿನೇ ಮುಚ್ಚುತ್ತೆ.

ಇಷ್ಟಾದ ಮೇಲೂ ಸರಿಹೋಗದಿದ್ರೆ ಗ್ಯಾಸ್ ಪೂರ್ತಿ ತೆಗೆದು, ಲೀಕ್ ಪರೀಕ್ಷೆ, ಅರ್ಧ ಗಂಟೆ ವ್ಯಾಕ್ಯೂಮ್, ಆಮೇಲೆ ತೂಕ ಹಾಕಿ ತುಂಬಬೇಕು. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಇರುತ್ತೆ, ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 450 ಗ್ರಾಂ. ಎಷ್ಟಿದೆ ಅಂತ ತಿಳಿಯದೆ ಮೇಲಿಂದ ಮೇಲೆ ತುಂಬಿದ್ರೆ ಹೆಚ್ಚಾಗಿ ಪ್ರೆಶರ್ ಏರಿ ಎಸಿ ಇನ್ನೂ ಕೆಡುತ್ತೆ. ಗ್ಯಾಸು ಪೆಟ್ರೋಲ್ ಅಲ್ಲ, ಓಡಿದ ಹಾಗೆ ಖಾಲಿ ಆಗಲ್ಲ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ.

ಈ ನಾಲ್ಕರ ಜೊತೆ ಎಸಿ ಡಿಸಿನ್ಫೆಕ್ಟಂಟ್, ಫೋಮೂ ಸೇರಿಸಿ ಐದು ಸಾಲು ಹೊಡೆದ್ರೆ 6,050 ಹೋಯ್ತು. ಉಳಿದದ್ದು 17,350.

ಪ್ಲಗ್ ವಿಷಯಕ್ಕೆ ಹಳೇ ಬಿಲ್ಲು ನೋಡ್ರಿ. ನಿಕ್ಕಲ್ ಪ್ಲಗ್ಗಿಗೆ ಬಹಳ ಗಾಡಿಗಳ ಜೊತೆ ಬರೋ ಪುಸ್ತಕದಲ್ಲಿ 40,000 ಕಿ.ಮೀ. ಅಂತಿರುತ್ತೆ. ಆಗ ಹಾಕಿದ್ರೆ ಈಗ ಬೇಡ, ಹಾಕಿಲ್ಲಾಂದ್ರೆ ಈಗಾಗಲೇ ತಡ. ಇರಿಡಿಯಂ ಇದ್ರೆ ಲಕ್ಷದವರೆಗೂ ನಡೆಯುತ್ತೆ.

ಕೂಲಂಟ್ ಕೂಡ ಪುಸ್ತಕ ನೋಡಿಯೇ. ಕಂಪನಿಯಿಂದ ಬಂದ ಲಾಂಗ್‌ಲೈಫ್ ಕೂಲಂಟು ಕೆಲವು ಗಾಡೀಲಿ ಲಕ್ಷ ಕಿ.ಮೀ. ದಾಟಿಯೂ ಇರುತ್ತೆ. ಬದಲಾಯಿಸೋದಾದ್ರೆ ಒಂದೇ ಹಟ ಹಿಡೀರಿ: ಬೋರಿನ ನೀರು ಬೇಡ. ದಾವಣಗೆರೆ, ದುರ್ಗದ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟೋದನ್ನ ಮನೇಲೇ ನೋಡಿರ್ತೀರಿ, ಅದೇ ಪೊರೆ ಎಂಜಿನ್ನಿನ ಒಳಗೂ ಕಟ್ಟುತ್ತೆ. ರೆಡಿಮಿಕ್ಸ್ ತಗೊಳ್ರಿ, ಇಲ್ಲಾಂದ್ರೆ ಕಾನ್ಸಂಟ್ರೇಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್. ಹಸಿರು, ಕೆಂಪು ಅಂತ ಬಣ್ಣ ನೋಡಿ ಹೊಂದಿಸಬೇಡ್ರಿ. ಬಣ್ಣಕ್ಕೆ ಯಾವ ಸ್ಟ್ಯಾಂಡರ್ಡೂ ಇಲ್ಲ.

ಇನ್ನು ಟಕ್ ಟಕ್. ಎಸ್ಟಿಮೇಟಿನ ದೊಡ್ಡ ತುಂಡು ಇದೇ, ಆರ್ಮು (ಚಕ್ರವನ್ನ ಗಾಡಿಯ ಅಡಿಗೆ ಕೂಡಿಸೋ ತೋಳು), ಲಿಂಕು (ಸ್ಟೆಬಿಲೈಸರ್ ಬಾರಿನ ತುದಿಯ ಕಡ್ಡಿ) ಸೇರಿ 6,900. ಯಾವುದು ಹೋಗಿದೆ ಅಂತ ನೋಡದೆ ಎರಡನ್ನೂ ಎರಡೂ ಕಡೆ ಬರೆದಿದ್ದಾರೆ. ಪರೀಕ್ಷೆ ಹತ್ತು ನಿಮಿಷದ್ದು:

ಲಿಂಕ್ ರಾಡ್ ನೋಡೋವಾಗ ಎರಡು ಚಕ್ರವೂ ಒಂದೇ ಮಟ್ಟದಲ್ಲಿರಬೇಕು. ಎರಡೂ ನೆಲದ ಮೇಲೆ ಇರಲಿ, ಇಲ್ಲಾ ರಾಂಪಿನಲ್ಲಿ ಎರಡೂ ತೂಗಾಡಲಿ. ಒಂದು ಕಡೆ ಮಾತ್ರ ಜಾಕಿ ಎತ್ತಿದ್ರೆ ಸ್ಟೆಬಿಲೈಸರ್ ಬಾರ್ (ತಿರುವಿನಲ್ಲಿ ಗಾಡಿ ವಾಲದ ಹಾಗೆ ಎಡ ಬಲ ಕೂಡಿಸೋ ಸರಳು) ತಿರುಚಿಕೊಂಡು ಲಿಂಕನ್ನ ಬಿಗಿ ಹಿಡಿಯುತ್ತೆ, ಸಡಿಲ ಇದ್ರೂ ಗೊತ್ತಾಗಲ್ಲ. ಸರಿಯಾದ ಮಟ್ಟದಲ್ಲಿ ಲಿಂಕನ್ನ ಮುಷ್ಟೀಲಿ ಹಿಡಿದು ಅಲ್ಲಾಡಿಸಿದ್ರೆ ಕಟಕಟ ಅನ್ನುತ್ತೆ.

ಲೋವರ್ ಆರ್ಮಿಗೆ ಚಕ್ರ ನೇತಾಡಬೇಕು. ಆರ್ಮು ಮತ್ತು ನಕಲ್ (ಚಕ್ರ ಕೂರೋ ತುಂಡು) ಮಧ್ಯೆ ಸಬ್ಬಲ್ ಇಟ್ಟು ಮೆಲ್ಲಗೆ ಮೀಟಿದ್ರೆ ಅವೆರಡನ್ನ ಕೂಡಿಸೋ ಗುಂಡಿನ ಕೀಲು, ಅಂದ್ರೆ ಬಾಲ್ ಜಾಯಿಂಟ್, ಮೇಲೆ ಕೆಳಗೆ ಆಡಬಾರದು. ಆರ್ಮಿನ ಇನ್ನೊಂದು ತುದಿಯ ಬುಷ್ ರಬ್ಬರ್ ಮೇಲ್ಗಡೆ ಗೀರು ಬಿಟ್ಟಿದ್ರೆ ಪರವಾಗಿಲ್ಲ, ತನ್ನ ಲೋಹದ ಕೊಳವೆಯಿಂದ ಬಿಟ್ಟುಕೊಂಡಿದ್ರೆ ಹೋಯ್ತು ಅಂತ. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದ್ರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲಿಕ್ಕೆ ಹೇಳ್ರಿ, ಆಗ ಆಟ ನಿಂತ್ರೆ ವೀಲ್ ಬೇರಿಂಗು. ಎಡಕ್ಕೆ ಬಲಕ್ಕೆ ಹಿಡಿದಾಗ ಆಡಿದ್ರೆ ಟೈ ರಾಡ್ ಎಂಡು.

ಕೆಳಗೆ ತೂರಿದಾಗ ಆಕ್ಸಲ್ ಬೂಟೂ ನೋಡಿಬಿಡ್ರಿ. ರಸ್ತೆ ಮೇಲೆ ಹರವಿದ ಒಕ್ಕಣೆ ದಾಟಿದ ಗಾಡಿಗೆ ಹುಲ್ಲು ಆಕ್ಸಲ್ ಸುತ್ತ ಹುರಿಯಾಗಿ ಸುತ್ತಿಕೊಂಡು ಬೂಟು, ಆಯಿಲ್ ಸೀಲು ಕೊಯ್ಯುತ್ತೆ. ಸೈಲೆನ್ಸರಿಗೆ ಸಿಕ್ಕಿಕೊಂಡ್ರೆ ಬೆಂಕಿನೂ ಹತ್ತುತ್ತೆ.

---

ಬೇ_ನಂಬರ್_4:

ಮೇಲಿನವರು ಹೊಡೆದು ಹಾಕಿದ ಸಾಲುಗಳಿಗೆ ನನ್ನದೂ ಒಪ್ಪಿಗೆ ಸರ್. ಅಂಥವು ವ್ಯಾಲ್ಯೂ ಆಡೆಡ್ ಸರ್ವಿಸ್, ಅಂದರೆ ಶೆಡ್ಯೂಲಿನಲ್ಲಿ ಇಲ್ಲದ ಹೆಚ್ಚುವರಿ ಕೆಲಸ. ಅಡ್ವೈಸರ್‌ಗಳಿಗೆ ಅದರ ಮೇಲೆ ಟಾರ್ಗೆಟ್ ಇರುವುದು ಸಾಮಾನ್ಯ. “ಪೀರಿಯಾಡಿಕ್ ಮೆಂಟೆನೆನ್ಸ್ ಶೆಡ್ಯೂಲ್‌ನಲ್ಲಿ ಇರುವಷ್ಟೇ ಮಾಡಿ, ಬೇರೆ ಏನಿದ್ದರೂ ಫೋನ್ ಮಾಡಿ ಕೇಳಿ” ಅಂತ ಜಾಬ್ ಕಾರ್ಡಿನ ಮೇಲೆ ಬರೆಸಿ ಸಹಿ ಹಾಕಿ. ಬಾಯಲ್ಲಿ ಹೇಳಿದ್ದು ಸಂಜೆ ಬಿಲ್ಲಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಹಳೆಯ ಪಾರ್ಟ್ಸ್ ವಾಪಸ್ ಬೇಕು ಅಂತಲೂ ಬೆಳಿಗ್ಗೆಯೇ ಬರೆಸಿ.

ಆದರೆ ಷೋರೂಮನ್ನೇ ಬಿಟ್ಟುಬಿಡಿ ಅನ್ನುವುದು ತಪ್ಪು. ಕೆಲವು ಕೆಲಸಕ್ಕೆ ಬೇರೆ ದಾರಿಯೇ ಇಲ್ಲ. ರೀಕಾಲ್ (ತಯಾರಿಕೆಯ ದೋಷ ಸರಿಪಡಿಸಲು ಕಂಪನಿಯೇ ಗಾಡಿ ಕರೆಸುವುದು) ಇದ್ದರೆ ಅಲ್ಲೇ, ಅದೂ ಪುಕ್ಕಟೆ. ಕಂಪನಿ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿದರೆ ನಿಮ್ಮ ಗಾಡಿಗೆ ಬಾಕಿ ಇದೆಯಾ ಅಂತ ತೋರಿಸುತ್ತದೆ. ವಾರಂಟಿ ಮುಗಿದಿದ್ದರೂ ನೋಡಿಕೊಳ್ಳಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸಾಫ್ಟ್‌ವೇರ್ ಅಪ್‌ಡೇಟ್, ಹೊಸ ಕೀ ಕೋಡಿಂಗ್, ಏರ್‌ಬ್ಯಾಗ್ ಲೈಟು, ಬಂಪರ್ ಬಿಚ್ಚಿದ ಮೇಲೆ ರೇಡಾರ್, ಕ್ಯಾಮೆರಾ ಕ್ಯಾಲಿಬ್ರೇಷನ್, ಸಿವಿಟಿ ಅಥವಾ ಡಬಲ್ ಕ್ಲಚ್ ಥರದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ, ಇವೆಲ್ಲ ಅಲ್ಲೇ ವಾಸಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡುವುದಕ್ಕೇ ಆಯಿಲ್ ಒಂದು ನಿಗದಿತ ಬಿಸಿಯಲ್ಲಿರಬೇಕು, ಅದನ್ನು ಸ್ಕ್ಯಾನರಿನಲ್ಲಿ ನೋಡುತ್ತಾ ಮಾಡಬೇಕು. ಕಣ್ಣಂದಾಜು ನಡೆಯಲ್ಲ.

ಹತ್ತು ಸಾವಿರದ ವ್ಯತ್ಯಾಸ ಎಲ್ಲಿಂದ ಅಂತ ಕೇಳಿದ್ದೀರಿ. ಷೋರೂಮಿನಲ್ಲಿ ಲೇಬರ್ ಅಂದರೆ ಕೆಲಸಕ್ಕೆ ನಿಗದಿಯಾದ ಗಂಟೆ ಲೆಕ್ಕ. ಲಿಂಕ್ ರಾಡಿಗೆ ಅರ್ಧ ಗಂಟೆ ಅಂತಿದ್ದರೆ ಮೆಕ್ಯಾನಿಕ್ ಹದಿನೈದು ನಿಮಿಷದಲ್ಲಿ ಮುಗಿಸಿದರೂ ಅಷ್ಟೇ ಬಿಲ್ಲು. ಲೋವರ್ ಆರ್ಮ್ ಬದಲಾಯಿಸಲು ಹೇಗೂ ಚಕ್ರ ಬಿಚ್ಚಬೇಕು, ಲಿಂಕಿಗೂ ಅದೇ ಚಕ್ರ. ಎರಡಕ್ಕೂ ಪ್ರತ್ಯೇಕ ಲೇಬರ್ ಹಾಕಿದ್ದರೆ ಕೇಳಿ, ಕಡಿಮೆ ಮಾಡುತ್ತಾರೆ. ಕೇಳದಿದ್ದರೆ ಮಾಡುವುದಿಲ್ಲ.

ಇನ್ನು ಟ್ಯಾಕ್ಸ್. ಕಾರಿನ ಬಹುತೇಕ ಬಿಡಿಭಾಗಗಳಿಗೆ ಮೊದಲು ಶೇ. 28 ಜಿಎಸ್‌ಟಿ ಇತ್ತು, 22 ಸೆಪ್ಟೆಂಬರ್ 2025ರಿಂದ ಶೇ. 18. ಲೇಬರಿಗೆ ಮೊದಲಿಂದಲೂ ಶೇ. 18. ಹಳೆಯ ಎಂಆರ್‌ಪಿ ಡಬ್ಬಿ ತೋರಿಸಿ ಅದೇ ರೇಟು ಹಾಕಿದ್ದರೆ ಎಸ್ಟಿಮೇಟಿನಲ್ಲಿ ಟ್ಯಾಕ್ಸ್ ಸಾಲು ಬೇರೆ ಮಾಡಿಸಿ ನೋಡಿ. ಹೊರಗಿನವರ ಹದಿಮೂರು ಸಾವಿರದಲ್ಲಿ ಬಹುಶಃ ಬಿಲ್ಲೂ ಇಲ್ಲ, ಟ್ಯಾಕ್ಸೂ ಇಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಸರಿಯಲ್ಲ.

ವಾರಂಟಿ ಇನ್ನೂ ಇರುವವರಿಗೆ ಒಂದು ಮಾತು. ಹೊರಗೆ ಆಯಿಲ್ ಬದಲಾಯಿಸಿದರೆ ಇಡೀ ವಾರಂಟಿ ರದ್ದು ಅಂತ ಹೆದರಿಸುವುದುಂಟು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರ್ ಕಂಪನಿಗಳ ಮೇಲೆ ಕೊಟ್ಟ ಆದೇಶದಲ್ಲಿ ಇದನ್ನೇ ಪ್ರಶ್ನಿಸಿತ್ತು. ಬಿಡಿಭಾಗ, ಡಯಾಗ್ನಾಸ್ಟಿಕ್ ಉಪಕರಣ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು, ಹೊರಗೆ ಕೆಲಸ ಮಾಡಿಸಿದ್ದಕ್ಕೆ ವಾರಂಟಿಯನ್ನು ಸಾರಾಸಗಟು ರದ್ದು ಮಾಡಬಾರದು ಅಂದಿತ್ತು. ಒಟ್ಟು ದಂಡ 2,544.65 ಕೋಟಿ. ಅದರ ಮೇಲೆ ಕಂಪನಿಗಳು ಕೋರ್ಟು ಮೆಟ್ಟಿಲು ಹತ್ತಿದವು. ಆದ್ದರಿಂದ ಆ ಆದೇಶ ಹಿಡಿದುಕೊಂಡು ಕೌಂಟರಿನಲ್ಲಿ ಜಗಳ ಆಡಿ ಅಂತ ನಾನು ಹೇಳಲ್ಲ. ವಾರಂಟಿ ಇರುವಷ್ಟು ದಿನ ಶೆಡ್ಯೂಲ್ ಸರ್ವಿಸ್ ಷೋರೂಮಿನಲ್ಲೇ ಮಾಡಿಸಿ, ಮುಗಿದ ಮೇಲೆ ನಿಮ್ಮಿಷ್ಟ.

ಆಕ್ಸಿಡೆಂಟ್ ಕೆಲಸಕ್ಕೆ ಷೋರೂಮೇ ಬೇಕೆಂದಿಲ್ಲ, ಆದರೆ ಇನ್ಶೂರೆನ್ಸ್ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇರುವ ಗ್ಯಾರೇಜೇ ಆಗಲಿ. ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ. ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಪಾಲಿಸಿ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ.

---

ಕೆಎ17_ಪೆಟ್ರೋಲ್:

ಇಬ್ಬರಿಗೂ ಥ್ಯಾಂಕ್ಸ್ ಅಣ್ಣ. ರೀಕಾಲ್ ನೋಡಿದೆ, ಏನೂ ಬಾಕಿ ಇಲ್ಲ. ಹಳೇ ಬಿಲ್ಲಿನ ಪ್ರಕಾರ ಪ್ಲಗ್ 40,000ದಲ್ಲೇ ಹಾಕಿದ್ದಾರೆ.

ಹೊರಗಿನ ಗ್ಯಾರೇಜಿನವರು ಲೋವರ್ ಆರ್ಮ್ ಪೂರ್ತಿ ಬೇಡ, ಬುಷ್ ಮಾತ್ರ ಒತ್ತಿ ಹಾಕಿದ್ರೆ 1,200ರಲ್ಲಿ ಆಗುತ್ತೆ ಅಂತಾರೆ. ಇದು ಸರಿನಾ? ಮತ್ತೆ ಪಾರ್ಟ್ಸ್ ನಾನೇ ಅಂಗಡೀಲಿ ತಗೊಂಡು ಹೋಗಿ ಕೊಟ್ರೆ ಹೇಗೆ? ಅಲ್ಲಿ ಕೆಲಸ ಸರಿ ಮಾಡ್ತಾರೆ ಅಂತ ಮೊದಲೇ ತಿಳಿಯೋದು ಹೇಗೆ?

---

ಹದಡಿ_ರೋಡ್_ಟಾರ್ಕ್:

ಬುಷ್ ಮಾತ್ರ ಹಾಕೋದು ಸರಿ, ಎರಡು ಷರತ್ತಿನ ಮೇಲೆ. ಬಾಲ್ ಜಾಯಿಂಟ್ ಗಟ್ಟಿ ಇರಬೇಕು. ಬಹಳ ಸಣ್ಣ ಕಾರುಗಳಲ್ಲಿ ಅದು ಆರ್ಮಿನ ಜೊತೆಗೇ ಬರುತ್ತೆ, ಅದು ಸವೆದಿದ್ದರೆ ಬುಷ್ ಹಾಕಿದ ಕೂಲಿ ಎರಡನೇ ಸಲ ಕೊಡಬೇಕಾಗುತ್ತೆ. ಇನ್ನೊಂದು, ಬುಷ್ಷನ್ನ ಪ್ರೆಸ್ಸಿನಲ್ಲಿ ಒತ್ತಬೇಕು. ಸುತ್ತಿಗೇಲಿ ಬಡಿದರೆ ಅದರ ಹೊರಗಿನ ಲೋಹದ ಕೊಳವೆ ಸೊಟ್ಟಗಾಗಿ ರಬ್ಬರ್ ಮೊದಲ ದಿನವೇ ಒಂದು ಕಡೆ ಎಳೆದುಕೊಂಡಿರುತ್ತೆ. ಹಿಂದಿನ ಬುಷ್ಷಿನಲ್ಲಿ ಖಾಲಿ ಜಾಗ ಅಥವಾ ಬಾಣದ ಗುರುತು ಇದ್ದರೆ ಹಳೇದು ಇದ್ದ ದಿಕ್ಕಿಗೇ ಹೊಸದೂ ಕೂರಬೇಕು. ತೆಗೆಯೋ ಮೊದಲು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಲಿ.

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಾಗೋದು ಕೊನೇ ಬೋಲ್ಟಿನಲ್ಲಿ. ರಾಂಪಿನ ಮೇಲೆ ಚಕ್ರ ನೇತಾಡುವಾಗಲೇ ಏರ್ ಗನ್ ಹಿಡಿದು ಬುಷ್ ಬೋಲ್ಟ್ ಬಿಗಿದುಬಿಡ್ತಾರೆ. ಬುಷ್ಷಿನ ಒಳಗಿನ ಕೊಳವೆ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತೆ. ಗಾಡಿ ಕೆಳಗಿಳಿದಾಗ ಆರ್ಮು ಮೇಲೇಳುತ್ತೆ, ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಉಳಿಯುತ್ತೆ. ಕೆಲವೇ ಸಾವಿರ ಕಿ.ಮೀ.ಗೆ ಹರಿಯುತ್ತೆ, ಆಗ ಬೈಗುಳ ಬಿಡಿಭಾಗಕ್ಕೆ. ಸರಿಯಾದ ಕ್ರಮ: ರಾಂಪಿನಲ್ಲಿ ಬೋಲ್ಟ್ ಕೈ ಬಿಗಿ ಮಾತ್ರ, ಗಾಡಿ ಇಳಿಸಿ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಟಾರ್ಕ್ ರೆಂಚಿನಲ್ಲಿ ಪೂರ್ತಿ. ಇದು ಷೋರೂಮಿಗೂ ಅನ್ವಯ, ಅಲ್ಲೂ ಗನ್ ಹಿಡಿಯೋರು ಮನುಷ್ಯರೇ. ಆರ್ಮ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಲಿಂಕ್ ರಾಡ್ ಮಾತ್ರ ಬದಲಾದರೆ ಅಲೈನ್‌ಮೆಂಟ್ ಬೇಕಿಲ್ಲ.

ಪಾರ್ಟ್ಸ್ ನೀವೇ ಕೊಟ್ಟರೆ ದುಡ್ಡು ಉಳಿಯಬಹುದು. ಆದರೆ ನಾಳೆ ಸದ್ದು ಬಂದರೆ ಮೇಸ್ತ್ರಿ “ನಿಮ್ಮ ಪಾರ್ಟ್ಸ್” ಅಂತಾರೆ, ಅಂಗಡಿಯವರು “ಫಿಟಿಂಗ್ ಸರಿಯಿಲ್ಲ” ಅಂತಾರೆ. ಅದಕ್ಕೆ ಪಾರ್ಟ್ಸ್, ಕೂಲಿ ಎರಡೂ ಒಂದೇ ಬಿಲ್ಲಿನಲ್ಲಿರೋದು ಒಳ್ಳೇದು, ಬ್ರಾಂಡ್ ಮಾತ್ರ ನೀವು ಹೇಳಿ. ಕಂಪನಿ ಡಬ್ಬೀನೇ ಬೇಕು ಅಂತಲೂ ಇಲ್ಲ. ಕಂಪನಿಗಳಿಗೆ ಭಾಗ ಮಾಡಿಕೊಡುವವರೇ ತಮ್ಮ ಹೆಸರಿನಲ್ಲೂ ಮಾರ್ತಾರೆ: ಬ್ರೇಕ್ ಪ್ಯಾಡಿಗೆ ರಾಣೆ, ಬ್ರೇಕ್ಸ್ ಇಂಡಿಯಾ, ಕ್ಲಚ್ಚಿಗೆ ವ್ಯಾಲಿಯೊ, ಎಕ್ಸಿಡಿ, ಶಾಕ್ ಅಬ್ಸಾರ್ಬರಿಗೆ ಗೇಬ್ರಿಯಲ್. ಆಯಿಲ್ ಫಿಲ್ಟರ್ ಮಾತ್ರ ಕಂಪನಿಯದೇ ತಗೊಳ್ಳಿ, ನೂರು ರೂಪಾಯಿ ಆಚೀಚೆಗೆ ಎಂಜಿನ್ ಪಣಕ್ಕಿಡೋದು ಬೇಡ.

ಗ್ಯಾರೇಜ್ ಹೇಗಿದೆ ಅಂತ ತಿಳಿಯಲಿಕ್ಕೆ ಒಂದು ಆಯಿಲ್ ಸರ್ವಿಸ್ ನಿಂತು ನೋಡಿ, ಸಾಕು. ನೋಡಬೇಕಾದ್ದು ಇಷ್ಟು. ಆಯಿಲ್ ಕ್ಯಾನ್ ನಿಮ್ಮೆದುರು ಸೀಲ್ ಒಡೀತಾರಾ? ಗ್ರೇಡು ಪುಸ್ತಕದಲ್ಲಿ ಇರೋದೇನಾ? 0ಡಬ್ಲ್ಯೂ20 ಅಂತ ಬರೆದಿರೋ ಎಂಜಿನ್ನಿಗೆ “ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಒಳ್ಳೇದು” ಅಂತ 20ಡಬ್ಲ್ಯೂ40 ಸುರಿಯೋರ ಹತ್ತಿರ ನಿಲ್ಲಬೇಡಿ. ವಾಲ್ವ್ ಟೈಮಿಂಗ್ ಹೊಂದಿಸೋದೂ ಆ ಆಯಿಲಿನ ಒತ್ತಡದಿಂದಲೇ, ಸಣ್ಣ ಸಂದಿಯಲ್ಲಿ ದಪ್ಪ ಆಯಿಲ್ ತಡವಾಗಿ ತಲುಪುತ್ತೆ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಫಿಲ್ಟರಿನ ಜೊತೆಗೇ ಬಂತಾ ಅಂತ ಬೆರಳಾಡಿಸಿ ನೋಡ್ತಾರಾ? ಎಂಜಿನ್ನಿಗೇ ಅಂಟಿಕೊಂಡಿದ್ದರೆ ಹೊಸದರ ರಿಂಗು ಅದರ ಮೇಲೆ ಕೂತು ಹೈವೇಲಿ ಆಯಿಲ್ ಪೂರ್ತಿ ಹೊರಗೆ. ಹೊಸ ರಿಂಗಿಗೆ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಮೊದಲ ಸುತ್ತುಗಳು ಕೈಯಲ್ಲೇ. ಚೇಂಬರಿನ (ಆಯಿಲ್ ನಿಲ್ಲೋ ತಳದ ತೊಟ್ಟಿ) ಥ್ರೆಡ್ ಹೋಗೋದು ಸವೆದು ಅಲ್ಲ, ಏರ್ ಗನ್ನಿನಿಂದ. ವೀಲ್ ನಟ್ಟಿಗೂ ಟಾರ್ಕ್ ರೆಂಚ್ ಹಿಡಿದರೆ ಕಣ್ಣು ಮುಚ್ಚಿ ಗಾಡಿ ಬಿಡಬಹುದು.

ಬ್ರೇಕ್ ಆಯಿಲ್ ಡಬ್ಬೀನೂ ಹೊಸದೇ ಇರಲಿ. ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ಹೊಸದಿದ್ದಾಗ ಕುದಿಯೋದು 230 ಡಿಗ್ರಿ ಮೇಲೆ, ತೇವ ಹೀರಿದ್ದು 155ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಪೈಪಿನಲ್ಲಿ ಆವಿ ಕಟ್ಟಿ ಪೆಡಲ್ ನೆಲ ಮುಟ್ಟುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನೋದು ಇದಕ್ಕೇ. ಮೇಲಿನ ಡಬ್ಬಿಯಲ್ಲಿ ಇರೋದನ್ನ ಮಾತ್ರ ಹೀರಿ ಹೊಸದು ತುಂಬಿ “ಬದಲಾಯ್ತು” ಅನ್ನೋರಿದ್ದಾರೆ. ನಾಲ್ಕು ಚಕ್ರದ ನಿಪ್ಪಲ್ಲಿನಿಂದಲೂ ಹಳೇದು ಹೊರಗೆ ಬರಬೇಕು.

---

ಸಿರಿಗೆರೆ_ಡೀಸೆಲ್:

ಮಧ್ಯೆ ಬಾಯಿ ಹಾಕ್ತೀನಿ. ಬಿಎಸ್6 ಡೀಸೆಲ್ ಗಾಡಿಗೂ ಇದೇ ಲೆಕ್ಕನಾ?

---

ದುರ್ಗದ_ಪಾನಾ:

ಅಲ್ಲ. ಡೀಸೆಲ್ಲಿಗೆ ಕೈ ಬಿಗಿ ಹಿಡಿಯೋದು ಬೇಡ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದ್ರೆ ಪುಸ್ತಕದಲ್ಲಿ ಹೇಳಿದ ಲೋ ಆ್ಯಶ್ ಆಯಿಲೇ ಬೇಕು, ಸಾಮಾನ್ಯವಾಗಿ ಡಬ್ಬಿ ಮೇಲೆ ಎಸಿಇಎ ಸಿ2 ಅಥವಾ ಸಿ3 ಅನ್ನೋ ದರ್ಜೆ. ಲಾರಿ ಆಯಿಲ್ ಹಾಕಿದ್ರೆ ಸುಟ್ಟ ಆಯಿಲಿನ ಬೂದಿ ಫಿಲ್ಟರಿನಲ್ಲಿ ಕೂರುತ್ತೆ. ಮಸಿ ರೀಜನರೇಷನ್ (ಫಿಲ್ಟರ್ ಕಾದು ತಾನೇ ಸ್ವಚ್ಛ ಆಗೋದು) ಆದಾಗ ಸುಡುತ್ತೆ, ಬೂದಿ ಸುಡಲ್ಲ. ಇಂಜೆಕ್ಟರ್ ಬದಲಾದ್ರೆ ಅದರ ಮೈಮೇಲಿನ ಕೋಡನ್ನ ಇಸಿಯುಗೆ ಬರೀಬೇಕು. ಹೊರಗಿನವರ ಸ್ಕ್ಯಾನರಿಗೆ ಅದು ಬರುತ್ತಾ ಕೇಳ್ರಿ, ಫಾಲ್ಟ್ ಅಳಿಸೋದು ಮಾತ್ರ ಬಂದ್ರೆ ಸಾಲದು. ಟೈಮಿಂಗ್ ಚೈನಾ ಬೆಲ್ಟಾ ಅಂತ ತಿಳ್ಕೊಳ್ರಿ. ಬೆಲ್ಟಾದ್ರೆ ಕಿ.ಮೀ. ಆಗದಿದ್ರೂ ವರ್ಷದ ಗಡುವಿಗೆ ಬದಲಿಸಬೇಕು, ಟೆನ್ಷನರ್, ಐಡ್ಲರ್ ಜೊತೆಗೇ. ಹರಿದ್ರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ ಹೆಡ್ಡೇ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತೆ. ಬೆಲ್ಟ್ ಕೆಲಸಕ್ಕೆ ಲಾಕಿಂಗ್ ಟೂಲ್ (ಎಂಜಿನ್ ಅಲ್ಲಾಡದ ಹಾಗೆ ಹಿಡಿಯೋ ಸಾಧನ) ಇಲ್ಲದ ಗ್ಯಾರೇಜು ಬೇಡ, ಪೇಂಟಿನ ಗುರುತು ಹಾಕಿ ಬಿಚ್ಚೋರು ಇನ್ನೂ ಇದ್ದಾರೆ.

---

ಬೇ_ನಂಬರ್_4:

ಪಾರ್ಟ್ಸ್, ಕೂಲಿ ಒಂದೇ ಬಿಲ್ಲಿನಲ್ಲಿರಲಿ ಅಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಕೆಲಸ ಕೆಟ್ಟರೆ ಷೋರೂಮೇ ಆಗಲಿ ಹೊರಗಿನವರೇ ಆಗಲಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಎಷ್ಟೋ ಸಲ ಅಲ್ಲೇ ಇತ್ಯರ್ಥ. ಕೈಯಲ್ಲಿ ಬಿಲ್ಲು, ಜಾಬ್ ಕಾರ್ಡು ಇಲ್ಲದಿದ್ದರೆ ಮಾತ್ರ ಕೆಲಸ ಮಾಡಿದ್ದು ಇವರೇ ಅಂತ ತೋರಿಸುವುದೇ ಕಷ್ಟ. ಹದಿಮೂರು ಸಾವಿರದವರ ಹತ್ತಿರ ಟ್ಯಾಕ್ಸ್ ಸೇರಿಸಿಯೇ ಬರೆಸಿಕೊಳ್ಳಿ. ಆಗ ಹದಿಮೂರು ಉಳಿಯುತ್ತಾ ನೋಡಿ.

---

ಕೆಎ17_ಪೆಟ್ರೋಲ್:

ರಾಂಪಿನಲ್ಲಿ ಎರಡೂ ಚಕ್ರ ತೂಗಾಡಿಸಿ ನೋಡಿಸಿದೆ. ಎಡಗಡೆ ಲಿಂಕ್ ರಾಡಿನ ಮೇಲಿನ ಗುಂಡು ಆಡ್ತಾ ಇದೆ, ಬಲಗಡೆ ಗಟ್ಟಿ ಇದೆ. ಬಾಲ್ ಜಾಯಿಂಟ್ ಎರಡೂ ಸರಿ ಇವೆ, ಬುಷ್ಷಿನಲ್ಲಿ ಮೇಲ್ಗೀರು ಮಾತ್ರ. ಕಂಡೆನ್ಸರ್ ಹಿಂದೆ ಒಂದು ಬೊಗಸೆ ಹೊಟ್ಟು ಸಿಕ್ಕಿತು! ಲಿಂಕ್ ಒಂದೇ ಕಡೆ ಹಾಕಿಸಿದ್ರೆ ಸಾಕಾ?

---

ದುರ್ಗದ_ಪಾನಾ:

ಲಿಂಕ್ ಜೋಡೀನೇ ಹಾಕಿಸ್ರಿ, ಇನ್ನೊಂದೂ ಅಷ್ಟೇ ಓಡಿದೆ, ಬೆಲೆಯೂ ದೊಡ್ಡದಲ್ಲ. ಆರ್ಮು ಮುಟ್ಟಬೇಡ್ರಿ, ಮುಂದಿನ ಸರ್ವಿಸ್‌ಗೆ ಮತ್ತೆ ನೋಡಿದ್ರಾಯ್ತು. ಅಲ್ಲಿಗೆ 5,200 ಉಳೀತು. ಆರ್ಮು ಬಿಚ್ಚದ ಮೇಲೆ ಸ್ಟೀರಿಂಗ್ ಒಂದು ಕಡೆ ಎಳೀದಿದ್ರೆ, ಟೈರ್ ಅಂಚು ಸವೀದಿದ್ರೆ ಅಲೈನ್‌ಮೆಂಟೂ ಮುಂದಕ್ಕೆ ಹಾಕ್ರಿ.

ಬಿಗಿಯೋವಾಗ ಒಂದು ಗಮನ ಇರಲಿ. ಲಿಂಕಿನ ಸ್ಟಡ್ಡು ನಟ್ಟಿನ ಜೊತೆಗೇ ಗಿರಗಿರ ತಿರುಗುತ್ತೆ. ಅದರ ತುದೀಲಿ ಅಲೆನ್ ಕೀ ಕೂರೋ ತೂತು, ಇಲ್ಲಾಂದ್ರೆ ಬುಡದಲ್ಲಿ ಪಾನಾ ಹಿಡಿಯೋ ಚಪ್ಪಟೆ ಜಾಗ ಇರುತ್ತೆ. ಸ್ಟಡ್ಡನ್ನ ಅದರಿಂದ ಹಿಡಿದು ನಟ್ಟನ್ನ ರಿಂಗ್ ಪಾನಾದಲ್ಲಿ ಬಿಗೀಬೇಕು. ಏರ್ ಗನ್ ಹಚ್ಚಿದ್ರೆ ಒಳಗಿನ ಗುಂಡು ಸುತ್ತಿ ರಬ್ಬರ್ ಬೂಟು ತಿರುಚಿ ಹರಿಯುತ್ತೆ, ಗ್ರೀಸು ಹೋಗಿ ಧೂಳು ಸೇರುತ್ತೆ, ಹೊಸ ಲಿಂಕು ಮುಂದಿನ ಮಳೆಗಾಲಕ್ಕೇ ಟಕ್ ಟಕ್. ಹಳೇ ನಟ್ಟು ಮತ್ತೆ ಹಾಕಬೇಡ್ರಿ, ಡಬ್ಬೀಲಿ ಹೊಸ ಲಾಕ್ ನಟ್ಟು ಬಂದಿರುತ್ತೆ.